ಕೋಡಿಯ ಬಲಗೋಡೆ

ನಮ್ಮ ಮನೆಯವರ ಕೆಲಸ ಗೋಡೆ ನೋಡುವುದು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದರು.

ಕೇಳಿದವರು ನಗುತ್ತಿದ್ದರು. ಗೋಡೆ ನೋಡುವುದೂ ಒಂದು ಕೆಲಸವೇ ಎಂದು. ಅದು ಮನೆಯ ಗೋಡೆಯಲ್ಲ, ಕೆರೆಯ ಕೋಡಿಯ ಗೋಡೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗಲು ಒಡ್ಡಿನ ತುದಿಗೆ ದಾರಿ ಬಿಟ್ಟಿರುತ್ತಾರಲ್ಲ, ಅದೇ ಕೋಡಿ. ಅದರ ಎರಡು ಬದಿಗೆ ಎರಡು ಕಲ್ಲಿನ ಗೋಡೆ. ಎಡಗೋಡೆ ಗುಡ್ಡಕ್ಕೆ ಅಂಟಿಕೊಂಡಿದೆ. ಬಲಗೋಡೆ ಮಣ್ಣಿನ ಒಡ್ಡಿಗೆ ಅಂಟಿಕೊಂಡಿದೆ. ಎಡಗೋಡೆ ಬಿದ್ದರೆ ಒಂದಿಷ್ಟು ಕಲ್ಲು ಹೋಗುತ್ತದೆ. ಬಲಗೋಡೆ ಬಿದ್ದರೆ ಒಡ್ಡು ಹೋಗುತ್ತದೆ, ಒಡ್ಡಿನ ಹಿಂದೆ ಕೆರೆ ಹೋಗುತ್ತದೆ. ನಮ್ಮ ಕೆರೆಯ ನೀರನ್ನು ನಾಲ್ಕು ಊರು ಕುಡಿಯುತ್ತವೆ. ಒಂದು ಊರು ಒಡ್ಡಿನ ಕೆಳಗೇ ಇದೆ.

ಸಂಸ್ಥಾನದ ಕಾಲದ ಕೆರೆ. ಜಮಖಂಡಿಯಿಂದ ಹುನ್ನೂರ ದಾಟಿ ಬರಬೇಕು. ಒಡ್ಡಿನ ತುದಿಗೆ ನೀರಾವರಿ ಇಲಾಖೆಯ ಎರಡು ಕೋಣೆಯ ಮನೆ. ಅದೇ ನಮ್ಮ ಮನೆ.

ಅವರ ಹೆಸರು ಗೂಳಪ್ಪ. ಜನ ಕೆರಿ ಗೂಳಪ್ಪ ಅನ್ನುತ್ತಿದ್ದರು. ಅವರು ಇರುವ ತನಕ ಆ ಹೆಸರನ್ನು ನಾನು ಬಾಯಲ್ಲಿ ತಂದವಳಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬುಸದಲ್ಲೋ ಹೆಂಗಸರು ಸುತ್ತುವರಿದು ಕಾಡಿದಾಗ ಒಡಪು ಕಟ್ಟಿ, ಅದರೊಳಗೆ ಹೆಸರು ಇಟ್ಟು ಹೇಳುತ್ತೇವೆ. ನನ್ನ ಒಡಪು ಇದು:

"ಮಗ್ಗ ಬಿಟ್ಟು ಬಂದೆ, ಮಗ್ಗಲಿಗೆ ಕೆರಿ ಬಂತು,
ಗೂಳಪ್ಪನ ಹೆಸರ ಹೇಳಾಕ ನಾಲಿಗಿಗೆ ನಾಚಿಕಿ ಬಂತು."

ಇದೊಂದೇ. ಬೇರೆ ಕಟ್ಟಲು ನನಗೆ ಬರಲಿಲ್ಲ. "ಏ ಭಾಗವ್ವ, ಇದು ಹಳೇದಾತು, ಹೊಸಾದು ಹೇಳಬೇ" ಎಂದು ಹೆಂಗಸರು ಕಾಡುತ್ತಿದ್ದರು. "ಗಂಡ ಹಳಬನ ಅದಾನ, ಒಡಪ ಯಾಕ ಹೊಸಾದು?" ಅನ್ನುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ. ಗಂಡ ಹೋದವಳಿಗೆ ಒಡಪು ಕೇಳುವುದಿಲ್ಲ.

ನನ್ನ ತವರು ರಬಕವಿ. ಅಪ್ಪ ಮಗ್ಗದವರು. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ನನ್ನನ್ನು ಸಾಲೆ ಬಿಡಿಸಿ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಉಂಡು ಮಲಗಿದವಳು. ಇಲ್ಲಿಗೆ ಬಂದ ಮೇಲೆ ಸಪ್ಪಳವೇ ಇಲ್ಲ. ಸುತ್ತ ನೀರು, ಮೇಲೆ ಗುಡ್ಡ. ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಮುಂಜಾನೆ ಅವರು ಕೇಳಿದರು.

"ಯಾಕ, ಕಣ್ಣು ಕೆಂಪಾಗ್ಯಾವು?"

"ಸಪ್ಪಳ ಇಲ್ಲರಿ ಇಲ್ಲಿ."

ಅವರು ನನ್ನನ್ನು ಕೋಡಿಗೆ ಕರೆದುಕೊಂಡು ಹೋದರು. ಆ ವರ್ಷ ಕೆರೆ ತುಂಬಿತ್ತು. ನೀರು ಕೋಡಿಯ ಕಲ್ಲಿನ ಮೇಲೆ ಹಾಯ್ದು ಕೆಳಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲಿಸಿ ಕೇಳಿದರು, "ಇದು ನಡೀತೈತೇನು ನೋಡು."

ಮಗ್ಗದ ಸಪ್ಪಳದ ಬದಲಿಗೆ ಇದು ಸಾಕೇನು ಎಂದು. ಸಂತೆಯಲ್ಲಿ ಬಳೆ ತೋರಿಸಿದ ಹಾಗೆ ತೋರಿಸಿದರು. ನಾನು ನಕ್ಕೆ. ಅವರೂ ನಕ್ಕರು. ಅವರು ನಗುವುದು ಅಪರೂಪ. ನಕ್ಕರೆ ಮೇಲಿನ ಒಂದು ಹಲ್ಲು ಮುರಿದದ್ದು ಕಾಣುತ್ತಿತ್ತು.

ಅವರಿಗೆ ಈಜು ಬರುತ್ತಿರಲಿಲ್ಲ. ಊರಿಗೆಲ್ಲ ಅದೊಂದು ತಮಾಷೆ. "ಗೂಳಪ್ಪ, ಕೆರಿ ಕಾಯತಿ, ಮಣಕಾಲ ಮಟ ಇಳಿಯಾಕ ಅಂಜತಿ" ಎನ್ನುತ್ತಿದ್ದರು. "ಅಂಜಾಂವನ ಕಾಯಬೇಕು. ಅಂಜದಾಂವ ನಿದ್ದಿ ಮಾಡತಾನ" ಎಂದು ಇವರ ಉತ್ತರ. ಮುಂಜಾನೆ ಎದ್ದು ಮುಖ ತೊಳೆದು ಮೊದಲು ಬಲಗೋಡೆಯ ಕಡೆಗೆ ಹೋಗುತ್ತಿದ್ದರು. ಚಪ್ಪಲಿಯನ್ನು ಒಡ್ಡಿನ ಮೇಲೆ ಬಿಟ್ಟು ಕೆಳಗೆ ಇಳಿಯುತ್ತಿದ್ದರು. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈ ಇಟ್ಟು ನೋಡುತ್ತಿದ್ದರು. ಜ್ವರ ನೋಡುತ್ತಾರಲ್ಲ, ಹಾಗೆ. ಅದಾದ ಮೇಲೇ ಚಹಾ.

ಮಗಳು ರಾಜೇಶ್ವರಿ ಹುಟ್ಟಿದ ದಿನವೂ ಮೊದಲು ಗೋಡೆ ನೋಡಿ ಆಮೇಲೆ ದವಾಖಾನೆಗೆ ಬಂದರು. ನಾನು ಎರಡು ದಿನ ಮಾತಾಡಲಿಲ್ಲ. ಈಗ ಆ ಎರಡು ದಿನ ನೆನಪಿಗೆ ಬರುತ್ತವೆ. ಎರಡು ದಿನ ಮಾತು ಬಿಡುವಷ್ಟು ನಮ್ಮ ಹತ್ತಿರ ದಿನಗಳಿದ್ದವು. ಆ ಮಗಳು ಈಗ ಮುಧೋಳದಲ್ಲಿ ಗಂಡನ ಮನೆಯಲ್ಲಿದ್ದಾಳೆ.

2019ರಲ್ಲಿ ಮಳೆ ಹುಚ್ಚು ಹಿಡಿದಂತೆ ಬಂತು. ಹೊಳೆ ದಂಡೆಯ ಊರುಗಳಿಗೆ ನೀರು ಹೊಕ್ಕಿತು. ನಮ್ಮ ಕೆರೆಗೆ ಹೊಳೆಯ ನೀರಿಲ್ಲ, ಹಳ್ಳದ ನೀರು. ಆದರೂ ಕೋಡಿ ಹನ್ನೊಂದು ದಿನ ಹರಿಯಿತು. ಹನ್ನೆರಡನೆಯ ದಿನ ಅವರು ಚಹಾಕ್ಕೆ ಬರಲಿಲ್ಲ. ನಾನೇ ಹೋದೆ. ಬಲಗೋಡೆಯ ಬುಡದಲ್ಲಿ ಒಡ್ಡಿನ ಮಗ್ಗುಲಿಗೆ ಮುಷ್ಟಿಯಷ್ಟು ತೂತು. ಅದರಿಂದ ನೀರು ಬರುತ್ತಿತ್ತು. ಅವರು ಬೊಗಸೆಯಲ್ಲಿ ಹಿಡಿದು ನನಗೆ ತೋರಿಸಿದರು.

"ಬಣ್ಣ ನೋಡು."

ಕೆಂಪಗಿತ್ತು.

"ತಿಳಿ ನೀರು ಬಂದ್ರ ಅಂಜೂದು ಬ್ಯಾಡ. ಎಲ್ಲಾ ಕೆರಿಯಾಗೂ ಒಂದೀಟು ಬರತೈತಿ. ಕೆಂಪು ಬಂದ್ರ ಒಳಗಿನ ಮಣ್ಣು ಹೊಂಟೈತಿ ಅಂತ."

ಕೆರೆಯ ನೀರಿನ ಕಮಿಟಿಗೆ ಬಸಗೊಂಡಪ್ಪಗೌಡರು ಹಿರಿಯರು. ಕೆರೆಯ ಕೆಳಗೆ ಹದಿನೆಂಟು ಎಕರೆ ಕಬ್ಬು ಅವರದು. ಕೆಟ್ಟ ಮನುಷ್ಯರಲ್ಲ. ಇವರು ಅವರ ಮನೆಗೆ ಹೋಗಿ ಹೇಳಿದರು. ಗೌಡರು ತಾವೇ ಬಂದು ನೋಡಿದರು. ಬಹಳ ಹೊತ್ತು ಮೀಸೆ ಎಳೆದುಕೊಂಡು ನಿಂತರು.

"ಗೂಳಪ್ಪ, ಇಲಾಖೆಗೆ ತಿಳಿಸಿದ್ರ ಏನ ಮಾಡತಾರ?"

"ಕೆರಿ ಬರಿದು ಮಾಡಿ, ಬುಡದ ತನ ಅಗದು, ಹೊಸಾ ಗ್ವಾಡಿ ಕಟ್ಟಬೇಕಾಗತೈತ್ರಿ."

"ಅಂದ್ರ ಒಂದು ಬ್ಯಾಸಗಿ ನೀರಿಲ್ಲ. ನಾಕೂರು ಮಂದಿ ಎಲ್ಲಿಗೆ ಹೋಗಬೇಕೋ? ಏನರ ಮಾಡಿ ಈ ವರ್ಷ ತಡಿ. ಮುಂದಿನ ವರ್ಷ ನಾನ ಬರದ ಕೊಡತೇನಿ."

ಇವರು ಮನೆಗೆ ಬಂದು ಕಂಬಕ್ಕೆ ಒರಗಿ ಕೂತರು. ಆ ತೂತಿಗೆ ಮಣ್ಣು ತುಂಬಿದರೆ ನೀರು ತಳ್ಳಿಕೊಂಡು ಬರುತ್ತಿತ್ತು. ಸಿಮೆಂಟು ನಿಲ್ಲಲಿಲ್ಲ. ಆಗ ನಾನು ಹೇಳಿದೆ. ಇದನ್ನು ಮುಚ್ಚಿಡುವುದಿಲ್ಲ. ಹೇಳಿದವಳು ನಾನೇ.

"ನೂಲು ತುಂಬರಿ."

"ಏನು?"

"ಮಗ್ಗದ ಚಿಂದಿ ನೂಲು. ಗಂಜ್ಯಾಗ ನೆನಸಿ, ಕರಿಮಣ್ಣಾಗ ಕಲಸಿ, ಜಡದು ತುಂಬರಿ. ನೀರು ಕುಡದಂಗ ನೂಲು ಉಬ್ಬತೈತಿ. ಉಬ್ಬಿದ್ದು ಹೊರಗ ಬರಂಗಿಲ್ಲ."

ಅವರು ನನ್ನ ಮುಖ ನೋಡಿದರು. ಅಣ್ಣ ಸಿದ್ದಾರೂಢನಿಗೆ ಫೋನ್ ಮಾಡಿದೆ. ಬನಹಟ್ಟಿಯ ಮಗ್ಗದ ಶೆಡ್ಡುಗಳಿಂದ ಒಂದು ಚೀಲ ಚಿಂದಿ ನೂಲು ತಂದುಕೊಟ್ಟ. ಹಳದಿ, ಹಸಿರು, ಕೆಂಪು, ಎಲ್ಲ ಸಿಕ್ಕು. ನಾನು ಜೋಳದ ಗಂಜಿ ಕಾಸಿದೆ. ಮಣ್ಣು ತುಳಿದೆ. ಉಂಡೆ ಮಾಡಿ ಕೊಟ್ಟೆ. ಅವರು ತೋಳು ಒಳಗೆ ಹಾಕಿ ಇಟ್ಟು, ಕಟ್ಟಿಗೆಯಿಂದ ಜಡಿದರು. ಸಂಜೆಗೆ ನೀರು ನಿಂತಿತು. ಮೇಲೆ ಒಂದು ಚಪ್ಪಡಿ ಕಲ್ಲು ಇಟ್ಟರು. ಮರುದಿನ ಅಂಗೈ ಇಟ್ಟು ನೋಡಿದರು. ಒಣಗಿತ್ತು. ಒಡ್ಡಿನ ಮೇಲಿಂದಲೇ ಕೂಗಿದರು.

"ಏ ರಬಕವಿ ಇಂಜಿನೇರ! ಚಹಾ ಇಡಲೇ!"

ಆವತ್ತು ಮುರಿದ ಹಲ್ಲು ಕಂಡಿತು.

ನೂಲು ಮಣ್ಣಿನಲ್ಲಿ ಕೊಳೆಯುತ್ತದೆ. ಅದು ನನಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು. ಕಾರಹುಣ್ಣಿಮೆಯ ಮುಂಚೆ, ಕೆರೆಯಲ್ಲಿ ನೀರು ಕಡಿಮೆ ಇರುವಾಗ ಎರಡು ದಿನ ಆ ಕೆಲಸ. ಮೊದಲ ವರ್ಷ ಒಂದು ಚೀಲ ಹಿಡಿಯಿತು. ಮರುವರ್ಷ ಎರಡು. ಆಮೇಲೆ ಮೂರು. ಕೊನೆಯ ವರ್ಷ ಆರು ಚೀಲ ಹೋಯಿತು. ನನ್ನ ಹಳೆಯ ಸೀರೆಗಳೂ ಹೋದವು.

"ಈ ತೂತು ಉಣ್ಣಾಕತ್ತೈತಿ" ಎಂದರು ಅವರು. "ಹೇಳಿಬಿಡೂಣು."

ಗೌಡರು ಮುಂದಿನ ವರ್ಷ ಎಂದರು. ಅವರು ಎಂದದ್ದು ದೊಡ್ಡದಲ್ಲ. ನಾನೂ ಮುಂದಿನ ವರ್ಷ ಎಂದೆ.

ಯಾಕೆ ಎಂದರೆ, ಆ ಎರಡು ದಿನ ನನಗೆ ಬೇಕಾಗಿದ್ದವು. ವರ್ಷವಿಡೀ ಅವರು ಗೋಡೆಯ ಕಡೆ, ನಾನು ಒಲೆಯ ಕಡೆ. ಆ ಎರಡು ದಿನ ಮಾತ್ರ ಇಬ್ಬರೂ ಒಂದೇ ಕಡೆ. ನಾನು ಉಂಡೆ ಕೊಡಬೇಕು, ಅವರು ತೆಗೆದುಕೊಳ್ಳಬೇಕು. ಮೊಣಕೈ ತನಕ ಮಣ್ಣು. ಅವರ ಬೆನ್ನು ತುರಿಸಿದರೆ ನಾನು ತುರಿಸಬೇಕು, ಅವರ ಕೈ ಮಣ್ಣಿನಲ್ಲಿ. "ಮ್ಯಾಲೆ, ಇನ್ನೊಂದೀಟು ಮ್ಯಾಲೆ, ಅಲ್ಲಲೇ, ಎಡಕ್ಕ" ಅನ್ನುತ್ತಿದ್ದರು. ರೊಟ್ಟಿಯನ್ನು ನಾನೇ ಮುರಿದು ಅವರ ಬಾಯಿಗಿಡುತ್ತಿದ್ದೆ. ಮಗಳನ್ನು ಕೊಟ್ಟ ಮೇಲಿನ ವಯಸ್ಸು. ಬೇರೆ ದಿನ ಹಾಗೆ ಮಾಡಿದರೆ ಊರು ನಗುತ್ತಿತ್ತು.

ನಾಲ್ಕೂರಿನ ಜೀವ ಒಂದು ಕಡೆ, ನನ್ನ ಎರಡು ದಿನ ಒಂದು ಕಡೆ. ನಾನು ನನ್ನ ಎರಡು ದಿನ ಆರಿಸಿಕೊಂಡೆ. ಒಂದು ಸಲ ಅಲ್ಲ, ಐದು ವರ್ಷ.

ಹೋದ ವರ್ಷ ಶ್ರಾವಣದಲ್ಲಿ ಅವರಿಗೆ ಕಾಮಾಲೆ ಆಯಿತು. ನಾಟಿ ಔಷಧ ಕೊಡಿಸಿದೆವು. ಆಮೇಲೆ ಜಮಖಂಡಿಯ ದವಾಖಾನೆಗೆ ಒಯ್ದೆವು. ಹದಿನೆಂಟು ದಿನ. ಕೊನೆಗೆ ಕೆರೆಯ ಮಾತು ಆಡಲಿಲ್ಲ, ನನ್ನ ಮಾತೂ ಆಡಲಿಲ್ಲ. "ಹೊದಿಕಿ ತಗಿ, ಸೆಕಿ ಆಗಾಕತ್ತೈತಿ" ಎಂದರು. ತೆಗೆದೆ. ಅಷ್ಟೇ.

ಜನ ಒಳ್ಳೆಯ ಮಾತು ಆಡಿದರು. ಗೂಳಪ್ಪ ಇದ್ದ ತನಕ ಕೆರೆ ಒಂದು ಹನಿ ಸೋರಲಿಲ್ಲ ಎಂದರು. ಅವರ ಫೋಟೋ ಪಂಪ್‌ಹೌಸಿನಲ್ಲಿ ಹಾಕಬೇಕು ಎಂದು ಪಂಚಾಯಿತಿಯಲ್ಲಿ ಮಾತಾಯಿತು. ಮಗಳು ಮುಧೋಳಕ್ಕೆ ಕರೆದಳು. ನಾನು ಹೋಗಲಿಲ್ಲ. ಇಲ್ಲಿ ಅವರು ಮುಟ್ಟಿದ ಗೋಡೆ ಇದೆ. ಅಲ್ಲಿ ಏನಿದೆ? ಮನೆ ಇಲಾಖೆಯದು, ಬಿಡಬೇಕಾಗುತ್ತದೆ. ಬೇರೆಯವರು ಬರುವ ತನಕ ಇರು ಎಂದರು. ಇದ್ದೆ.

ಸಂಕ್ರಾಂತಿ ಕಳೆದ ಮೇಲೆ ಜೀಪು ಬಂತು. ಕೋಡಿ ದೊಡ್ಡದು ಮಾಡುವ ಕೆಲಸ ಮಂಜೂರಾಗಿತ್ತು. ಇಂಜಿನಿಯರು ಹೆಣ್ಣುಮಗಳು, ಉಜ್ವಲಾ ಎಂದು ಹೆಸರು. ತೇರದಾಳದ ಜೈನರ ಮನೆಯವಳು. ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಬಿಸಿಲಿಗೆ ಟೋಪಿ ಹಾಕಿಕೊಂಡು ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಗೌಡರಿಗೂ ಊರಿನವರಿಗೂ ತಿಳಿಸಿ ಹೇಳಿದಳು. ಈಗಿನ ಮಳೆ ಮೊದಲಿನ ಹಾಗಲ್ಲ, ತಿಂಗಳ ಮಳೆ ಒಂದೇ ದಿನ ಬರುತ್ತದೆ, ನಲವತ್ತು ಅಡಿಯ ಕೋಡಿಯಿಂದ ಅಷ್ಟು ನೀರು ಹೊರಗೆ ಹೋಗಲಾರದು, ನೂರು ಅಡಿ ಮಾಡಬೇಕು.

"ಎಡಗ್ವಾಡಿ ಒಡದು ಗುಡ್ಡದ ಕಡೆ ಅಗಲ ಮಾಡತೇವಿ. ಕೆರಿ ಬರಿದು ಮಾಡೂದು ಬ್ಯಾಡ. ಬಲಗ್ವಾಡಿ ಹಂಗ ಇರಲಿ. ನೋಡ್ರಿ ಹೆಂಗೈತಿ! ನೂರು ವರ್ಷ ಆದ್ರೂ ಒಂದು ಹಸಿ ಇಲ್ಲ."

ಬಾಗಿ ಗೋಡೆ ತಟ್ಟಿದಳು. ಚಪ್ಪಡಿ ಕಲ್ಲಿನ ಮೇಲೆ ಹುಲ್ಲು ಬೆಳೆದಿತ್ತು. ಅವಳಿಗೆ ಕಾಣಲಿಲ್ಲ. ನಾವು ಅಷ್ಟು ಚೆನ್ನಾಗಿ ಮುಚ್ಚಿದ್ದೆವು.

ಗೌಡರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಸಂಜೆ ಗೌಡರು ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು.

"ಭಾಗವ್ವ, ಆ ಮಾತು ಎತ್ತಬ್ಯಾಡ."

"ಈ ವರ್ಷ ತುಂಬಾಂವರು ಯಾರ್ರಿ ಗೌಡ್ರ?"

"ನಾ ಆಳು ಕಳಸತೇನಿ. ನೀ ತೋರಸು. ಹೊಸಾ ಕೋಡಿ ಆದ ಮ್ಯಾಲ ಭಾರ ಕಡಿಮಿ ಆಗತೈತಿ. ಈಗ ಹೇಳಿದ್ರ ಮೊದಲ ಕೇಳೂದು, ಇಷ್ಟ ವರ್ಷ ಯಾರು ಮುಚ್ಚಿದ್ರು ಅಂತ. ಗೂಳಪ್ಪನ ಹೆಸರು ಬರತೈತಿ. ಫೋಟೋ ಹಾಕೂ ಮಂದಿನ ಕಲ್ಲು ಒಗೀತಾರು."

"ನಿಮ್ಮ ಹೆಸರೂ ಬರತೈತ್ರಿ."

ಗೌಡರು "ಹೂಂ, ಬರತೈತಿ" ಎಂದರು. ಎದ್ದು ಹೋದರು.

ಮೂರು ವಾರ ಸುಮ್ಮನಿದ್ದೆ. ಗುಡ್ಡದ ಕಡೆ ಯಂತ್ರಗಳು ಬಂದವು. ಎಡಗೋಡೆ ಒಡೆಯಲು ಶುರು ಮಾಡಿದರು. ಒಳ್ಳೆಯ ಹೆಸರು ಉಳಿಸಿಕೊಂಡು ಹೋದವರ ಹೆಸರನ್ನು ನಾನು ಯಾಕೆ ಕೆಡಿಸಲಿ ಎಂದುಕೊಂಡೆ. ಅದು ಒಂದು ಮಾತು. ಇನ್ನೊಂದು ಮಾತು, ಅಗೆದರೆ ನಾವಿಬ್ಬರೂ ತುಂಬಿದ್ದೆಲ್ಲ ಹೊರಗೆ ಬರುತ್ತದೆ. ಅವರ ಕೈ ಕೆಲಸದಲ್ಲಿ ನನಗೆ ಉಳಿದದ್ದು ಅದೊಂದೇ. ಕಣ್ಣಿಗೆ ಕಾಣದಿದ್ದರೂ ಒಳಗಿದೆ ಎಂದು ಗೊತ್ತಿತ್ತು. ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಒಂದು ಮುಂಜಾನೆ ಹುಲ್ಲು ಕಿತ್ತು ಚಪ್ಪಡಿ ಸರಿಸಿದೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಮುಟ್ಟಬೇಕು ಅನ್ನಿಸಿತು. ಹೊಟ್ಟೆಯ ಮೇಲೆ ಮಲಗಿ ತೋಳು ಒಳಗೆ ಹಾಕಿದೆ. ಬೇರೆ ವರ್ಷ ಮೊಣಕೈ ಹೋಗುವಷ್ಟರಲ್ಲಿ ಹಳೆಯ ನೂಲು ಕೈಗೆ ಸಿಗುತ್ತಿತ್ತು. ಈ ಸಲ ಸಿಗಲಿಲ್ಲ. ಹೆಗಲ ತನಕ ಹಾಕಿದೆ. ಕೆನ್ನೆ ಕಲ್ಲಿಗೆ ಹತ್ತಿತು. ಬೆರಳು ಚಾಚಿದೆ. ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಏನೂ ಇಲ್ಲ. ತಣ್ಣನೆಯ ಗಾಳಿ ಇತ್ತು.

ಗೋಡೆಯ ಹಿಂದೆ ಒಡ್ಡು ಇರಲಿಲ್ಲ.

ತೋಳು ತೆಗೆದು ಅಲ್ಲೇ ಕೂತೆ. ಒಡ್ಡಿನ ಕೆಳಗಿನ ಊರಿನಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಯಾರೋ ಎಮ್ಮೆಗೆ ಬೈಯುತ್ತಿದ್ದರು. ಅದು ಇಲ್ಲಿಗೂ ಕೇಳುತ್ತಿತ್ತು. ಅಷ್ಟು ಹತ್ತಿರ.

ಉಜ್ವಲಾ ಹತ್ತು ಗಂಟೆಗೆ ಬಂದಳು. ಹೋಗಿ ಎದುರಿಗೆ ನಿಂತೆ.

"ಬಾಯಾರ, ಬಲಗ್ವಾಡಿ ಛಲೋ ಇಲ್ಲರಿ."

"ನೋಡೇನಲ್ಲಾ ಅವ್ವಾರ, ಒಣಗೇತಿ."

"ಒಣಗಿದ್ದು ನೀವು ನೋಡೀರಿ. ಒಳಗಿಂದು ನೋಡಿಲ್ಲ. ಬರ್ರಿ, ಮಲಗ್ರಿ."

"ಏನು?"

"ಹೊಟ್ಟಿ ಮ್ಯಾಲ ಮಲಗಿ ತೋಳು ಹಾಕ್ರಿ. ಅಂಗಿ ಹೊಲಸ ಆಗತೈತಿ, ಆಗಲಿ."

ಕೆಲಸದವರು ನಕ್ಕರು. ಅವಳು ನನ್ನ ಮುಖ ನೋಡಿದಳು, ನಗಲಿಲ್ಲ. ಟೋಪಿ ತೆಗೆದಿಟ್ಟು ಮಲಗಿ ತೋಳು ಹಾಕಿದಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದವಳೇ ನನ್ನ ಕಡೆಗೆ ತಿರುಗಿದಳು.

"ಇದನ್ನ ಯಾರು ಮುಚ್ಚಿದ್ದು?"

"ನಾವು."

"ನಾವಂದ್ರ?"

"ನಾನು, ನಮ್ಮ ಮನಿಯವರು. ಐದು ವರ್ಷ. ನೂಲು, ಮಣ್ಣು ತುಂಬತಿದ್ವಿ."

"ಒಡ್ಡು ಹೋಗಿದ್ರ ಕೆಳಗಿನ ಊರು?"

"ಗೊತ್ತಿತ್ರಿ."

"ಗೊತ್ತಿದ್ದೂ?"

"ಹೌದ್ರಿ."

ಅವಳಿಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. ಪುಸ್ತಕ ತೆಗೆದಳು.

"ಯಾರ್ಯಾರಿಗೆ ಗೊತ್ತಿತ್ತು?"

"ಗೌಡ್ರಿಗೆ ಗೊತ್ತಿತ್ತು. ಅವರು ಈ ವರ್ಷ ತಡಿ ಅಂದ್ರು. ನಾನೂ ಅಂದೆ."

"ನಿಮ್ಮ ಮನಿಯವರ ಹೆಸರು?"

ಬಾಯಿ ತೆರೆದೆ. ಬರಲಿಲ್ಲ. ಕೆಲಸದವರಲ್ಲಿ ಒಬ್ಬ ಹೇಳಲು ಹೋದ. "ನೀ ಸುಮ್ಮನಿರಪಾ" ಎಂದೆ. ನನ್ನ ಗಂಡನ ಮೇಲಿನ ದೂರನ್ನು ನಾನು ಕೊಡುತ್ತಿದ್ದೇನೆ, ಹೆಸರನ್ನೂ ನಾನೇ ಕೊಡಬೇಕು.

"ಗೂಳಪ್ಪ" ಎಂದೆ.

ಹಿಂದೆ ಒಡಪಿಲ್ಲ, ಮುಂದೆ ಒಡಪಿಲ್ಲ. ಅವಳು ಬರೆದುಕೊಂಡಳು.

ವಾರದಲ್ಲಿ ತೂಬು ಎತ್ತಿದರು. ಕೆರೆಯ ನೀರು ಕಾಲುವೆಗೆ ಬಿಟ್ಟು ಬರಿದು ಮಾಡಿದರು. ನಾಲ್ಕು ಊರಿಗೆ ಟ್ಯಾಂಕರಿನಲ್ಲಿ ಚಿಕ್ಕಪಡಸಲಗಿ ಕಡೆಯಿಂದ ಹೊಳೆಯ ನೀರು ತಂದರು. ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಮನೆಗೆ ಆರು ಕೊಡ. ಕೆರೆಯ ತಳ ಬಿರುಕು ಬಿಟ್ಟಿತು. ಫೋಟೋದ ಮಾತು ನಿಂತಿತು. ನಾನು ಸಾಲಿನಲ್ಲಿ ಕೊಡ ಇಟ್ಟರೆ ಹಿಂದಿನವರು ತಮ್ಮ ಕೊಡವನ್ನು ಮುಂದೆ ಸರಿಸುತ್ತಿದ್ದರು. ಒಂದು ದಿನ ಮಾಯವ್ವ ಎಲ್ಲರೆದುರಿಗೆ ಅಂದಳು. ಮಾಯವ್ವ ನನ್ನ ಓರಗೆಯವಳು. ಒಡಪು ಹೇಳು ಎಂದು ಎಲ್ಲರಿಗಿಂತ ಹೆಚ್ಚು ಕಾಡಿದವಳು.

"ಗಂಡ ತೂತು ಮುಚ್ಚಿದ, ಹೆಣ್ತಿ ಬಾಯಿ ತೆರದ್ಲು. ಮುಚ್ಚೂದು ಬಾಯಿ ಇತ್ತಬೇ, ತೆರಿಯೂದು ತೂತು ಇತ್ತು. ಇಬ್ಬರೂ ಹಿಂದಮುಂದ ಮಾಡಿದ್ರಿ."

ಎಲ್ಲರೂ ನಕ್ಕರು. ಅವಳ ಮಾತಿನಲ್ಲಿ ಅರ್ಧ ಖರೆ ಇತ್ತು. ನಾನು ಕೊಡ ತೆಗೆದುಕೊಂಡು ಕೊನೆಗೆ ಹೋಗಿ ನಿಂತೆ.

ಹೋಳಿ ಹುಣ್ಣಿಮೆಯ ಮರುವಾರ ಬಲಗೋಡೆ ಒಡೆದರು. ನಾಲ್ಕೂ ಊರಿನ ಜನ ನೋಡಲು ಬಂದಿದ್ದರು. ನಾಲ್ಕು ಸಾಲು ಕಲ್ಲು ತೆಗೆಯುವಷ್ಟರಲ್ಲಿ ಹಿಂದಿನ ಪೊಳ್ಳು ಕಂಡಿತು. ಎಮ್ಮೆಕರು ನಿಲ್ಲುವಷ್ಟು ದೊಡ್ಡದು. ಅದು ಒಡ್ಡಿನ ಒಳಗೆ ಓರೆಯಾಗಿ ಕೆರೆಯ ಕಡೆಗೆ ಹೋಗಿತ್ತು. ಕೆರೆಯ ನೀರಿಗೂ ಅದಕ್ಕೂ ನಡುವೆ ಉಳಿದದ್ದು ಒಂದು ಮಾರು ಮಣ್ಣು. ಉಜ್ವಲಾ ಗೌಡರನ್ನು ಕರೆದು ತೋರಿಸಿದಳು. ಗೌಡರು ಬಗ್ಗಿ ನೋಡಿದರು. ಅಲ್ಲೇ ಒಡ್ಡಿನ ಮೇಲೆ ಕೂತರು.

"ಇನ್ನೊಂದು ಮಳಿ" ಎಂದರು. "ಇನ್ನೊಂದ ಮಳಿ ಇತ್ತು ಅಷ್ಟ."

ಕೆಳಗಿನ ಊರಿನವರು ತಮ್ಮ ಮನೆಗಳ ಕಡೆಗೆ ತಿರುಗಿ ನೋಡಿದರು. ಮಾಯವ್ವನ ಮಗಳನ್ನು ಕೊಟ್ಟದ್ದು ಆ ಊರಿಗೇ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಪೊಳ್ಳಿನ ತಳದಲ್ಲಿ ನಾವು ತುಂಬಿದ್ದು ಬಿದ್ದಿತ್ತು. ಹಳೆಯದೆಲ್ಲ ಕರಿ ಕೆಸರು. ಮೇಲಿನ ಪದರಿನಲ್ಲಿ ಅಲ್ಲಲ್ಲಿ ಬಣ್ಣ ಇನ್ನೂ ಇತ್ತು. ಒಂದೆಳೆ ಹಳದಿ, ಒಂದೆಳೆ ಹಸಿರು. ಯಂತ್ರ ಬಾಚಿ ಬಾಚಿ ಹೊರಗೆ ಹಾಕಿತು. ನಾನು ಆ ಗುಡ್ಡೆಯ ಹತ್ತಿರ ಹೋದೆ. ಯಾರೂ ತಡೆಯಲಿಲ್ಲ. ಒಂದು ಮಣ್ಣಿನ ಹೆಂಟೆ ಗಟ್ಟಿಯಾಗಿತ್ತು. ಅದರ ಮೇಲೆ ನಾಲ್ಕು ಬೆರಳ ಗುರುತು. ಒತ್ತಿದ ಬೆರಳು ಒತ್ತಿದ ಹಾಗೇ ಇತ್ತು. ಅವರದು ಎಂದುಕೊಂಡೆ. ಕೂತು, ಆ ಗುರುತಿನಲ್ಲಿ ನನ್ನ ಬೆರಳು ಇಟ್ಟು ನೋಡಿದೆ.

ಸರಿಯಾಗಿ ಕೂತವು. ನನ್ನವೇ.

ಇನ್ನೂ ಹುಡುಕಿದೆ. ಗುಡ್ಡೆ ಪೂರ್ತಿ ಕೈಯಾಡಿಸಿದೆ. ಅವರು ಕಟ್ಟಿಗೆಯಿಂದ ಜಡಿಯುತ್ತಿದ್ದರು, ಉಂಡೆ ಮಾಡುತ್ತಿದ್ದವಳು ನಾನು. ಅವರ ಬೆರಳು ಮಣ್ಣಿನಲ್ಲಿ ಉಳಿಯುವ ಹಾಗೆ ಇರಲೇ ಇಲ್ಲ. ಅದು ನನಗೆ ಹೊಳೆಯುವಷ್ಟರಲ್ಲಿ ಟ್ರ್ಯಾಕ್ಟರು ಬಂದಿತ್ತು. ತುಂಬಿಕೊಂಡು ಹೋದರು. ಉಜ್ವಲಾ ಬಂದು ನನ್ನ ಪಕ್ಕ ನಿಂತಳು.

"ಅವ್ವಾರ, ಏನರ ಬೇಕಿತ್ತೇನು ಅದರಾಗ?"

"ಇಲ್ಲ ಬಿಡ್ರಿ" ಎಂದೆ.

ಬುಡದಿಂದ ಕಾಂಕ್ರೀಟ್ ಹಾಕಿದರು. ಒಡ್ಡಿನ ಮಣ್ಣನ್ನು ಪದರ ಪದರವಾಗಿ ಹಾಕಿ ರೋಲರಿನಿಂದ ಗಟ್ಟಿ ಮಾಡಿದರು. ಗೋಡೆ ಎದ್ದಿತು. ಕೋಡಿ ನೂರು ಅಡಿ ಆಯಿತು. ಗೌಡರನ್ನು ಇಲಾಖೆಯವರು ಕರೆಸಿ ಬರೆಸಿಕೊಂಡರು. ಆಮೇಲೆ ಅವರು ಕಮಿಟಿ ಬಿಟ್ಟರು. ನನ್ನನ್ನೂ ಬೈದು ಹೇಳಿಕೆ ತೆಗೆದುಕೊಂಡರು. ಕೆರೆಗೆ ಹೊಸ ಕಾವಲುಗಾರ ಬಂದ, ಮಹಾಲಿಂಗ ಎಂದು. ಹೆಂಡತಿ ಮಕ್ಕಳಿರುವವನು. ನಾನು ಮನೆ ಬಿಟ್ಟು ಊರೊಳಗೆ ಒಂದು ಕೋಣೆ ಹಿಡಿದೆ. ಮಾಯವ್ವನ ಮನೆಯ ಹಿಂದಿನ ಕೋಣೆ. ಅವಳೇ ಬಂದು, "ಖಾಲಿ ಐತಿ, ಬಂದು ಬೀಳು" ಎಂದಳು.

ಆಷಾಢದಲ್ಲಿ ಮಳೆ ಬಂತು. ಗುಡ್ಡದ ಮೇಲೆ ಒಂದೇ ದಿನ ಸುರಿಯಿತು. 2019ರಲ್ಲೂ ಒಂದು ದಿನಕ್ಕೆ ಅಷ್ಟು ಸುರಿದಿರಲಿಲ್ಲ ಎಂದರು. ಮೂರು ದಿನ ಬಿಟ್ಟು ಮತ್ತೆ ಬಂತು. ಬರಿದಾದ ಕೆರೆ ತುಂಬಿ ಕೋಡಿ ಹರಿಯಿತು. ನೂರು ಅಡಿ ಅಗಲಕ್ಕೆ ನೀರು ಹಾಯ್ದು ಹಳ್ಳಕ್ಕೆ ಹೋಯಿತು. ಕೆಳಗಿನ ಊರಿನಲ್ಲಿ ಒಂದು ಕೋಳಿ ಗೂಡೂ ನೆನೆಯಲಿಲ್ಲ. ಟ್ಯಾಂಕರು ನಿಂತವು. ನಳಕ್ಕೆ ನೀರು ಬಂತು.

ಕೋಡಿ ಹರಿದರೆ ಮುತ್ತೈದೆಯರು ಹೋಗಿ ಗಂಗವ್ವನಿಗೆ ಉಡಿ ತುಂಬುತ್ತಾರೆ. ಮಾಯವ್ವ ಹೊಸ ಸೀರೆ ಉಟ್ಟು ಹೊರಟಳು. "ಬಾರಬೇ, ದೂರ ನಿಂತು ನೋಡು" ಎಂದಳು. ಆಮೇಲೆ ಬರುತ್ತೇನೆ ಎಂದೆ. ಅವರೆಲ್ಲ ತಿರುಗಿ ಬಂದ ಮೇಲೆ ಹೋದೆ.

ಒಡ್ಡಿನ ಮೇಲೆ ಚಪ್ಪಲಿ ಬಿಟ್ಟು ಇಳಿದೆ. ಹೊಸ ಗೋಡೆ ಬೆಳ್ಳಗಿತ್ತು. ಬುಡದಲ್ಲಿ ಕೂತು ಅಂಗೈ ಇಟ್ಟೆ. ಆ ಕಡೆ ಕೆರೆ ಪೂರ್ತಿ ತುಂಬಿ ನಿಂತಿದೆ, ಈ ಕಡೆ ಒಣಗಿದೆ. ಗೋಡೆಯುದ್ದಕ್ಕೂ ಕೈ ಸರಿಸುತ್ತ ಹೋದೆ. ಎಲ್ಲ ಕಡೆ ಒಣಗಿತ್ತು. ಮೇಲಿನಿಂದ ಮಹಾಲಿಂಗ ಕೂಗಿದ.

"ಯವ್ವಾ, ಏನ ನೋಡಾಕತ್ತಿ?"

"ನೀರು ಬರತೈತೇನೋ ಅಂತ."

"ಬರಂಗಿಲ್ಲ ಬಿಡು. ಇನ್ನ ನೂರು ವರ್ಷ ಬರಂಗಿಲ್ಲ. ಎದ್ದು ಬಾ, ಚಹಾ ಕುಡಿಯಂತಿ."

"ಹೌದು. ಬರಂಗಿಲ್ಲ" ಎಂದೆ.

ಒಂದು ಹನಿ ಬರಲಿ ಎಂದು ಮನಸ್ಸು ಬೇಡುತ್ತಿತ್ತು. ಒಂದು ಹನಿ ಬಂದರೆ ಚೀಲ ಬೇಕಾಗುತ್ತದೆ, ಗಂಜಿ ಕಾಸಬೇಕಾಗುತ್ತದೆ, ಮಣ್ಣು ತುಳಿಯಬೇಕಾಗುತ್ತದೆ. ಉಂಡೆ ಮಾಡಿ ಕೈ ಚಾಚಿದರೆ ತೆಗೆದುಕೊಳ್ಳುವವರು ಇಲ್ಲ ಎಂದು ಗೊತ್ತಿದ್ದೂ ಬೇಡುತ್ತಿತ್ತು. ನಾಲ್ಕೂರು ಕುಡಿಯುವ ನೀರಿನ ಮೇಲೆ ಅಂಥ ಆಸೆ ಇಡಬಾರದು. ಇಟ್ಟೆ. ಗೋಡೆ ಅದನ್ನು ನಡೆಸಿಕೊಡಲಿಲ್ಲ. ಛಲೋ ಆಯಿತು.

ಮಹಾಲಿಂಗನ ಹೆಂಡತಿ ಚಹಾ ಹಿಡಿದುಕೊಂಡು ಒಡ್ಡಿನ ಮೇಲೆ ನಿಂತಿದ್ದಳು. ಹತ್ತಿ ಹೋಗಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.